ಇಪ್ಪತ್ತೊಂದು ನಿಮಿಷದ ಚಳಿ

ಮಾಂಟ್ರಿಯಲ್‌ನ ಆ ಲ್ಯಾಬಿನಲ್ಲಿ ಒಂದು ಗೋಡೆಗೆ ಮಾತ್ರ ಬಣ್ಣ ಹೊಡೆಯಲು ಯಾರೂ ಬಿಡುವುದಿಲ್ಲ. ಅದು ಬೆಟ್ಟಗಳ ಗೋಡೆ. ಲ್ಯಾಬಿಗೆ ಸೇರಿದವರು ತಮ್ಮ ಕೈಯಾರೆ ತೆಗೆದ ಮೊದಲ ಒಳ್ಳೆಯ ಬೆಟ್ಟವನ್ನು ಅಲ್ಲಿ ಅಂಟಿಸುತ್ತಾರೆ. ಕೆಳಗೆ ತಾರೀಖು, ಹೆಸರು. ಮೂಲೆಯಲ್ಲಿ ಸಕ್ಕರೆ ಸುರಿದವರ ಗುರುತು. ಇಪ್ಪತ್ತೇಳು ವರ್ಷಗಳಲ್ಲಿ ಮೂವತ್ತೆಂಟು ಬೆಟ್ಟಗಳು ಗೋಡೆ ಏರಿವೆ. ಮೂವತ್ತೆಂಟರ ಮೂಲೆಯಲ್ಲೂ ಒಂದೇ ಅಕ್ಷರ, ‘ಸೊ’. ಅಂದರೆ ಸೊಲಾಂಜ್.

ಸೊಲಾಂಜ್ ಆ ಲ್ಯಾಬಿನ ಟೆಕ್ನಿಷಿಯನ್. ಗಾಜಿನಂತೆ ತಿಳಿಯಾದ ಉದ್ದನೆಯ ಕೊಳವೆಗಳಲ್ಲಿ, ತಳದಲ್ಲಿ ಗಟ್ಟಿ ಪಾಕ, ಮೇಲೆ ಮೇಲೆ ಹೋದಂತೆ ತೆಳ್ಳನೆಯದು, ಹೀಗೆ ಪದರದ ಮೇಲೆ ಪದರ ಕಲಕದಂತೆ ಸಕ್ಕರೆ ನೀರು ಇಳಿಸುವುದು ಆಕೆಯ ಕೆಲಸ. ಅದಕ್ಕೊಂದು ಯಂತ್ರ ಬಂದು ಎಂಟು ವರ್ಷವಾಯಿತು. ಅದರ ಮೇಲೆ ಈಗ ಆಕೆಯ ಚಳಿಗಾಲದ ಟೋಪಿ ಇರುತ್ತದೆ. “ಯಂತ್ರ ಸುರಿಯುತ್ತೆ, ನಾನು ಇಳಿಸ್ತೀನಿ” ಎನ್ನುತ್ತಾರೆ. ಸೊಲಾಂಜ್ ಅವರದು ಅಂಥ ಕೈಗುಣ.

ಜೀವಕೋಶಗಳನ್ನು ಒಡೆದು ಆ ಪಾಕದ ನೆತ್ತಿಯ ಮೇಲಿಟ್ಟು ಎರಡು ಗಂಟೆ ಗಿರ್ರನೆ ತಿರುಗಿಸಬೇಕು. ಕೋಶದೊಳಗೆ ಪ್ರೋಟೀನ್ ಕಟ್ಟುವ ಕೂಲಿಗಳೆಂದರೆ ರೈಬೋಸೋಮ್‌ಗಳು. ಕೆಲಸವಿಲ್ಲದೆ ಒಂಟಿಯಾಗಿರುವ ರೈಬೋಸೋಮ್ ಹಗುರ, ಮೇಲೆಯೇ ನಿಲ್ಲುತ್ತದೆ. ಪ್ರೋಟೀನಿನ ನಕ್ಷೆ ಹೊತ್ತ ಒಂದೇ ಎಂಆರ್‌ಎನ್‌ಎ ಎಳೆಯ ಮೇಲೆ ಏಳೆಂಟು ಸಾಲಾಗಿ ಕೂತು ದುಡಿಯುತ್ತಿದ್ದರೆ ಅವು ಭಾರ, ತಳಕ್ಕಿಳಿಯುತ್ತವೆ. ಆಮೇಲೆ ಹಳೆಯ ಪೆನ್ನಿನ ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ: ಮೊದಲು ಒಂಟಿಗಳ ಒಂದು ಚೂಪು ಕೋಡು, ಅದರಾಚೆ ದುಡಿಯುವವರ ಬೆಟ್ಟಸಾಲು. ಕೋಶ ಚೆನ್ನಾಗಿದ್ದರೆ ಬೆಟ್ಟಗಳು ಎತ್ತರ. ಕೋಶ ಕಂಗಾಲಾಗಿದ್ದರೆ ಕೆಲಸ ನಿಲ್ಲಿಸುತ್ತದೆ. ಕೋಡೊಂದೇ ಉಳಿದು ಆಚೆಗೆಲ್ಲ ಬಯಲು.

ಮೂವತ್ತೆಂಟನೆಯ ಬೆಟ್ಟ ಲ್ಯಾಬಿನ ವಿದ್ಯಾರ್ಥಿನಿ ಕೊರೀನ್ ಸಿಮಾರಳದು.

ಅವಳ ಕಾಗದದಲ್ಲಿ ಎರಡು ಗೆರೆಗಳಿದ್ದವು. ಕಪ್ಪು ಗೆರೆ ಆರೋಗ್ಯವಂತರ ಚರ್ಮದ ಕೋಶಗಳದ್ದು. ಕೆಂಪು ಗೆರೆ ಒಂದು ಮಗುವಿನದು. ಆ ಮಗುವಿಗೆ ಮಿದುಳಿನ ಬಿಳಿ ಭಾಗ ಕರಗುತ್ತಾ ಹೋಗುವ ರೋಗ. ಹೆಸರು ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ, ಡಬ್ಬಿಯ ಮೇಲೆ ‘ಒಂಬತ್ತು’ ಎಂದಷ್ಟೇ ಇದೆ. ಕೆಂಪು ಬೆಟ್ಟಗಳು ಕಪ್ಪಿನ ಅರ್ಧಕ್ಕೆ ಕುಸಿದಿದ್ದವು. ರೋಗವಿರುವ ಮಕ್ಕಳ ಕೋಶಗಳು ಯಾವಾಗಲೂ ಅರ್ಧ ದುಡಿಮೆಯಲ್ಲೇ ಬದುಕುತ್ತಿವೆ ಎಂದು ಆ ಗೆರೆ ಹೇಳುತ್ತಿತ್ತು. ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ವಾಲ್ಕೂರ್ ಅದನ್ನು ನೋಡಿದ ದಿನ ಕೊರೀನಳ ಹೆಗಲ ಮೇಲೆ ಕೈಯಿಟ್ಟಿದ್ದರು. ಅವರು ಹಾಗೆಲ್ಲ ಕೈಯಿಡುವವರಲ್ಲ. ಏಪ್ರಿಲ್‌ನಲ್ಲಿ ಈ ರೋಗದ ಮಕ್ಕಳ ತಂದೆತಾಯಂದಿರು ಕ್ವಿಬೆಕ್ ಸಿಟಿಯಲ್ಲಿ ಸೇರುತ್ತಾರೆ. ಅಲ್ಲಿ ಈ ಚಿತ್ರ ತೋರಿಸಿ, ಮಕ್ಕಳು ಚೆನ್ನಾಗಿರುವಾಗಲೂ ದಿನಾ ಒಂದು ಔಷಧಿ ಕೊಟ್ಟು ನೋಡಬೇಕೆಂದು ಅವರ ಮುಂದಿಡುವುದು ಪ್ರೊಫೆಸರರ ಯೋಚನೆ.

ಫೆಬ್ರವರಿಯ ಕೊನೆಯ ವಾರ ಕೊರೀನ್ ತನ್ನ ನೋಟ್‌ಬುಕ್ ತೆರೆದು ಕೂತದ್ದು ಆ ಚಿತ್ರದ ಕೆಳಗೆ ನಾಲ್ಕು ಸಾಲು ಬರೆಯುವುದಕ್ಕೆ, ಅಷ್ಟೇ.

ಅವಳು ಮಾತು ಕಡಿಮೆಯವಳು. ಮೀಟಿಂಗಿನಲ್ಲಿ ಏನಾದರೂ ಹೇಳಬೇಕಾದರೆ ಕಾಫಿ ಲೋಟದ ಮುಚ್ಚಳಕ್ಕೆ ಹೇಳುತ್ತಿದ್ದಳು. ಆಡದ ಮಾತೆಲ್ಲ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಎಷ್ಟು ಹನಿ ಹಾಕಿದೆ, ಎಷ್ಟು ಹೊತ್ತಿಗೆ ಹಾಕಿದೆ ಎಂಬುದಷ್ಟೇ ಅಲ್ಲ. ಕಿಟಕಿ ತೆರೆದಿತ್ತೇ, ಹೊರಗೆ ಎಷ್ಟು ಡಿಗ್ರಿ, ಯಾರು ಸೀನಿದರು, ಎಲ್ಲವೂ. ಈ ರೂಢಿ ಬಂದದ್ದು ಅಪ್ಪನಿಂದ. ಆತ ಸಾಗ್ನೆ ಎಂಬ ಊರಿನ ಅಲ್ಯೂಮಿನಿಯಂ ಕಾರ್ಖಾನೆಯ ಕೆಲಸಗಾರ. ಚಳಿಗಾಲದ ಶನಿವಾರಗಳಲ್ಲಿ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಪುಟ್ಟ ಗುಡಿಸಲು ಹೂಡಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾನೆ. ಗುಡಿಸಲಿನ ಮೊಳೆಗೆ ಒಂದು ಪುಸ್ತಕ ನೇತುಬಿದ್ದಿರುತ್ತದೆ: ಗಡ್ಡೆ ಎಷ್ಟು ದಪ್ಪ, ಗಾಳಿ ಎತ್ತ, ಮೀನು ಎಷ್ಟು. ಸೊನ್ನೆ ಸಿಕ್ಕ ದಿನವೂ ಸೊನ್ನೆ ಎಂದು ಬರೆಯುತ್ತಾನೆ. “ಸಿಕ್ಕಿದ ದಿನ ಮಾತ್ರ ಬರೆದ್ರೆ ಅದು ಲೆಕ್ಕ ಅಲ್ಲ ಮಗಳೇ, ಜಂಬ” ಎಂದು ಅವಳಿಗೆ ಹೇಳಿದ್ದ.

ಲ್ಯಾಬಿನ ಇನ್ನೊಬ್ಬ ಸಂಶೋಧಕ ವಿಲ್ನೇರ್, ಹೈಟಿಯಿಂದ ಬಂದವರ ಮಗ, ಊರೆಲ್ಲ ಕೇಳುವಂತೆ ನಗುವವನು. ಅವನು ಕೊರೀನಳಿಗೆ ‘ಹವಾಮಾನ ಇಲಾಖೆ’ ಎಂದೇ ಹೆಸರಿಟ್ಟಿದ್ದ.

“ಏನು ಇಲಾಖೆ, ಇವತ್ತು ಹಿಮ ಬೀಳುತ್ತಾ?” ಎಂದ, ಅವಳ ಬೆನ್ನ ಹಿಂದಿನಿಂದ ಹಾದುಹೋಗುತ್ತಾ.

“ಬೀಳುತ್ತೆ.”

“ಅಬ್ಬ, ಎರಡಕ್ಷರ ಜಾಸ್ತಿ ಮಾತಾಡಿದ್ಳು. ಸೊಲಾಂಜ್, ಬರ್ಕೊಳ್ಳಿ.”

ಅವಳು ಪುಟ ತಿರುವಿದಳು. ಈ ಪ್ರಯೋಗ ಒಟ್ಟು ನಾಲ್ಕು ಸಲ ಮಾಡಿದ್ದಳು. ನವೆಂಬರ್, ಜನವರಿ, ಮತ್ತೆ ಈ ಫೆಬ್ರವರಿ: ಮೂರರಲ್ಲೂ ಕೆಂಪು ಬೆಟ್ಟ ಕುಸಿದಿತ್ತು. ಆಗಸ್ಟಿನ ಮೊದಲ ಸಲ ಮಾತ್ರ ಕೆಂಪಿಗೂ ಕಪ್ಪಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೊಸ ಕೈ, ಹಾಗಾಗುತ್ತದೆ ಎಂದು ಪ್ರೊಫೆಸರ್ ಅದನ್ನು ಬದಿಗಿಡಿಸಿದ್ದರು. ಕೊರೀನಳಿಗೂ ಹಾಗೇ ಅನ್ನಿಸಿತ್ತು.

ಆಗಸ್ಟಿನ ಪುಟದಲ್ಲಿ ಹೀಗಿತ್ತು: ‘ಹೊರಗೆ 31. ಎ.ಸಿ. ಕೆಟ್ಟಿದೆ. ಬೆಂಚಿನ ಮೇಲೂ 30. ವಿಲ್ನೇರ್ ಚಪ್ಪಲಿ ಹಾಕಿಕೊಂಡು ಬಂದಿದ್ದಕ್ಕೆ ಸೊಲಾಂಜ್ ಬೈದರು.’

ಜನವರಿಯದು: ‘ಕಿಟಕಿ ಸಂದಿಯಿಂದ ಗಾಳಿ. ಬೆಂಚಿನ ಮೇಲೆ 16. ಕೈ ಮರಗಟ್ಟಿದೆ. ಒಂದನೇ ಪ್ಲೇಟ್ 9:10, ಎರಡು 9:14, ಮೂರು 9:18, ನಾಲ್ಕು 9:23, ಐದು 9:27, ಆರು 9:31.’

ಮೊದಲ ಮೂರು ಆರೋಗ್ಯವಂತರ ಕೋಶ ಬೆಳೆಸಿದ ಪ್ಲೇಟುಗಳು. ಕೊನೆಯ ಮೂರು ಒಂಬತ್ತರವು. ಆರೋಗ್ಯದ್ದನ್ನು ಮೊದಲು ಮುಟ್ಟು, ರೋಗದ್ದನ್ನು ಆಮೇಲೆ ಎಂಬುದು ಲ್ಯಾಬಿನ ಕಟ್ಟಳೆ. ಒಂದರ ಹನಿ ಇನ್ನೊಂದಕ್ಕೆ ತಾಗಬಾರದೆಂದು. ಇನ್ನು, ರೈಬೋಸೋಮ್‌ಗಳನ್ನು ಇದ್ದಲ್ಲೇ ನಿಲ್ಲಿಸುವ ಔಷಧವನ್ನು ಹಿಂದೆಲ್ಲ ಸೊಲಾಂಜ್ ಪ್ಲೇಟುಗಳು ಬೆಚ್ಚನೆಯ ಪೆಟ್ಟಿಗೆಯಲ್ಲಿದ್ದಾಗಲೇ ಎಲ್ಲಕ್ಕೂ ಒಟ್ಟಿಗೆ ಹಾಕಿಬಿಡುತ್ತಿದ್ದರು. ಅದು ಒರಟು ಕೆಲಸವೆಂದು ಕೊರೀನಳಿಗೆ ಅನ್ನಿಸಿತ್ತು. ಆರನ್ನೂ ಬೆಂಚಿಗೆ ತಂದಿಟ್ಟುಕೊಂಡು, ಒಂದೊಂದಕ್ಕೂ ಅಳೆದು ಹಾಕಿ, ಸೆಕೆಂಡು ತಪ್ಪದಂತೆ ಎಣಿಸಿದ್ದಳು. ಅಷ್ಟು ಜಾಗ್ರತೆ ಯಾರೂ ಮಾಡಿರಲಿಲ್ಲ. ಆ ಜಾಗ್ರತೆಯಲ್ಲಿ ಅವಳು ಒಂದನೆಯ ಪ್ಲೇಟಿನ ಸೆಕೆಂಡು ಎಣಿಸುತ್ತಿರುವಾಗ ಆರನೆಯದು ಕಿಟಕಿಯ ಪಕ್ಕ ಕಾಯುತ್ತಿತ್ತು.

ಇಪ್ಪತ್ತೊಂದು ನಿಮಿಷ. ಹದಿನಾರು ಡಿಗ್ರಿಯಲ್ಲಿ.

ಚಳಿಯಾದರೆ ಕೋಶ ಏನು ಮಾಡುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಚಳಿ, ಬಿಸಿ, ಹಸಿವು, ಏನೇ ಬರಲಿ, ಕೋಶ ಮೊದಲು ಮಾಡುವುದೇ ಪ್ರೋಟೀನ್ ಕಟ್ಟುವ ಕೆಲಸಕ್ಕೆ ತಡೆ ಹಾಕುವುದು. ಆ ತಡೆಯನ್ನೇ ಓದಲು ಅವಳು ಇಲ್ಲಿಗೆ ಬಂದದ್ದು. ಕುಸಿದದ್ದು ಮಗುವಿನ ರೋಗದಿಂದಲೋ, ತನ್ನ ಬೆಂಚಿನಿಂದಲೋ?

ಅವಳು ನೇರ ಸೊಲಾಂಜ್ ಬಳಿ ಹೋದಳು.

“ಆರು ಕೊಳವೆ ಸಕ್ಕರೆ ಬೇಕಿತ್ತು. ನಾಳೆಗೆ.”

ಸೊಲಾಂಜ್ ಕನ್ನಡಕದ ಮೇಲಿಂದ ನೋಡಿದರು. “ಯಾತಕ್ಕೆ ಪುಟ್ಟಿ? ನಿಂದು ಮುಗೀತಲ್ಲ, ಗೋಡೆ ಮೇಲೂ ಹೋಯ್ತು.”

“ಹಿಂದುಮುಂದು ಮಾಡಿ ನೋಡ್ಬೇಕು. ಒಂಬತ್ತನ್ನ ಮೊದಲು, ಆರೋಗ್ಯದ್ದನ್ನ ಕೊನೆಗೆ.”

ಇಪ್ಪತ್ತೇಳು ವರ್ಷ ಅದೇ ಬೆಂಚುಗಳ ನಡುವೆ ಓಡಾಡಿದವರಿಗೆ ಕಿಟಕಿಯ ಕಡೆ ಒಮ್ಮೆ ನೋಡಿದರೆ ಸಾಕು. “ಬೆಳಿಗ್ಗೆ ಏಳಕ್ಕೆ ಬಾ” ಎಂದರು. “ಯಾರಿಗೂ ಹೇಳ್ಬೇಡ. ಬಂದದ್ದು ಬರ್ಲಿ, ಆಮೇಲೆ ಹೇಳುವಂತೆ.”

ಮರುದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇಬ್ಬರೂ ಪೆನ್ನಿನ ಯಂತ್ರದ ಮುಂದೆ ನಿಂತಿದ್ದರು. ಮೊದಲು ಒಂಬತ್ತರದು. ಕೋಡು ಬಂತು, ಇಳಿಯಿತು. ಆಮೇಲೆ ಪೆನ್ನು ಏರತೊಡಗಿತು. ಒಂದು, ಎರಡು, ಮೂರು, ನಾಲ್ಕು ಬೆಟ್ಟಗಳು. ಒಂದಕ್ಕಿಂತ ಒಂದು ಎತ್ತರ. ಗೋಡೆಯ ಮೇಲಿನ ಯಾವ ಆರೋಗ್ಯವಂತರ ಬೆಟ್ಟಕ್ಕೂ ಅವು ಕಡಿಮೆಯಿರಲಿಲ್ಲ. ಆಮೇಲೆ, ಕೊನೆಗೆ ಕಾದಿದ್ದ ಆರೋಗ್ಯದ ಪ್ಲೇಟು. ಕೋಡು, ಅದರಾಚೆ ಅರ್ಧಕ್ಕೆ ಕುಸಿದ ಬೆಟ್ಟಗಳು.

“ಆಯ್ತಲ್ಲ” ಎಂದರು ಸೊಲಾಂಜ್.

“ನನ್ನ ಬೆಟ್ಟ ಸುಳ್ಳು.”

“ಬೆಟ್ಟ ಸುಳ್ಳಲ್ಲ. ಅದು ಇದ್ದಿದ್ದನ್ನೇ ಬರೀತು. ನಾವು ಓದಿದ್ದು ತಪ್ಪು.” ಆಕೆ ಕಾಗದ ಹರಿದು ಅವಳ ಕೈಗಿಟ್ಟರು. “ಪ್ರೊಫೆಸರ್‌ಗೆ ಹೇಳೋದು ನೀನೋ ನಾನೋ?”

ಕೊರೀನ್ ಒಂಬತ್ತರ ಬೆಟ್ಟಗಳನ್ನೇ ನೋಡುತ್ತಿದ್ದಳು. ಹೆದರಿಕೆಯೇನೋ ಇತ್ತು. ಅದರ ಅಡಿಯಲ್ಲಿ ಇನ್ನೊಂದೂ ಇತ್ತು, ಅದಕ್ಕೆ ಆಗ ಹೆಸರಿಡಲಾಗಲಿಲ್ಲ. ಹೆಸರು ಗೊತ್ತಿಲ್ಲದ ಆ ಮಗುವಿನ ಬಗ್ಗೆ, ಓಟದಲ್ಲಿ ಗೆದ್ದು ಬಂದ ತಂಗಿಯ ಬಗ್ಗೆ ಅನ್ನಿಸುವಂಥದ್ದು.

“ನಾನೇ” ಎಂದಳು.

ಸೋಮವಾರ ಬೆಳಿಗ್ಗೆ ಮೀಟಿಂಗು. ಮಾತಾಡುವವರು ತಿನ್ನಲು ತರಬೇಕೆಂಬುದು ಅಲ್ಲಿನ ಪದ್ಧತಿ. ಕೊರೀನ್ ಅಮ್ಮನ ಕೈಯ ಸಕ್ಕರೆ ಪೈ ತಂದಿದ್ದಳು. ಮೀಟಿಂಗಿಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ನಿಂತು, ಉಗುರಿನಿಂದ ಟೇಪು ಬಿಡಿಸಿ, ತನ್ನ ಬೆಟ್ಟವನ್ನು ಗೋಡೆಯಿಂದ ಇಳಿಸಿದಳು. ಇಪ್ಪತ್ತೇಳು ವರ್ಷಗಳಲ್ಲಿ ಆ ಗೋಡೆಯಿಂದ ಯಾರೂ ಏನನ್ನೂ ಇಳಿಸಿರಲಿಲ್ಲ.

“ಸಕ್ಕರೆ ಪೈ ಬಂತು ಅಂದ್ರೆ ಸುದ್ದಿ ಕೆಟ್ಟದು ಅಂತ ಅರ್ಥ” ಎಂದ ವಿಲ್ನೇರ್, ದೊಡ್ಡ ತುಂಡಿಗೇ ಕೈಹಾಕುತ್ತಾ. ಅಷ್ಟರಲ್ಲಿ ಅವಳು ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಅವನು ತುಂಡನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ.

“ಇದನ್ನ ಗೋಡೆಯಿಂದ ತೆಗ್ದೆ” ಎಂದಳು ಕೊರೀನ್. ಈ ಸಲ ಲೋಟದ ಮುಚ್ಚಳಕ್ಕಲ್ಲ. ಅವಳು ಲೋಟವನ್ನೇ ತಂದಿರಲಿಲ್ಲ. “ಕೆಂಪು ಬೆಟ್ಟ ಕುಸಿದಿದ್ದು ರೋಗದಿಂದ ಅಲ್ಲ. ಕೊನೇ ಪ್ಲೇಟು ಬೆಂಚಿನ ಮೇಲೆ ಇಪ್ಪತ್ತೊಂದು ನಿಮಿಷ ಚಳಿಯಲ್ಲಿ ಕೂತಿತ್ತು. ಕೂರಿಸಿದ್ದು ನಾನು.”

ಹೊಸ ಕಾಗದವನ್ನು ಅದರ ಪಕ್ಕಕ್ಕಿಟ್ಟಳು.

ಪ್ರೊಫೆಸರ್ ವಾಲ್ಕೂರ್ ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಈ ಚಿತ್ರ ನಾನು ಆಗ್ಲೇ ಕುಟುಂಬಗಳ ಸಂಘಕ್ಕೆ ಕಳಿಸಿದೀನಿ. ಗೊತ್ತಲ್ವಾ ನಿನಗೆ?”

“ಗೊತ್ತು, ಮೊಸ್ಯೂ.”

“ಚೆನ್ನಾಗಿರೋ ಮಕ್ಕಳಿಗೆ ದಿನಾ ಔಷಧಿ ಕೊಡೋಣ ಅಂತ ಬರೆದಿದೀನಿ.”

“ಅದಕ್ಕೇ ಇವತ್ತೇ ಹೇಳಿದ್ದು.”

ಪ್ರೊಫೆಸರ್ ಕೈ ಚಾಚಿದರು. “ನಿನ್ನ ನೋಟ್‌ಬುಕ್ ಕೊಡು.”

ಆಗಸ್ಟಿನ ಪುಟ ಓದಿದರು. ಜನವರಿಯದು ಓದಿದರು. “ಚಪ್ಪಲಿ ವಿಷಯ ಕೂಡ ಇದೆ ಇಲ್ಲಿ” ಎಂದರು.

“ಯಜಮಾನ್ರೇ, ಆ ಚಪ್ಪಲಿ ಇಲ್ದಿದ್ರೆ ಇವತ್ತು ನಾವೆಲ್ಲ ಸುಳ್ಳುಗಾರರಾಗ್ತಿದ್ವಿ” ಎಂದ ವಿಲ್ನೇರ್. “ನನಗೊಂದು ಧನ್ಯವಾದ ಹೇಳ್ಬೇಕು.”

“ನಿನ್ನ ಚಪ್ಪಲಿಗೆ ಹೇಳ್ತೀವಿ, ನಿನಗಲ್ಲ” ಎಂದರು ಸೊಲಾಂಜ್.

ಪ್ರೊಫೆಸರ್ ನಗಲಿಲ್ಲ, ಇನ್ನೂ ಪುಟ ತಿರುಗಿಸುತ್ತಿದ್ದರು. ಹಿಂದಿನ ವರ್ಷದ ಏಪ್ರಿಲ್‌ನ ಪುಟವೊಂದರಲ್ಲಿ ನಿಂತರು. ತಂದೆತಾಯಂದಿರ ಆ ಸಭೆಗೆ ಕೊರೀನಳನ್ನೂ ಕರೆದೊಯ್ದಿದ್ದರು. ಅವಳು ಕೊನೆಯ ಸಾಲಿನಲ್ಲಿ ಕೂತು, ಯಾರೊಂದಿಗೂ ಒಂದು ಮಾತಾಡದೆ, ಕೇಳಿದ್ದನ್ನೆಲ್ಲ ಬರೆದುಕೊಂಡಿದ್ದಳು. ಪ್ರೊಫೆಸರ್ ಗಟ್ಟಿಯಾಗಿ ಓದಿದರು: “‘ನೀಲಿ ಸ್ವೆಟರಿನ ತಾಯಿ: ಜ್ವರ ಬರೋವರೆಗೂ ಅವಳು ಎಲ್ಲ ಮಕ್ಕಳ ಹಾಗೇ ಓಡಾಡ್ತಿದ್ಳು. ಜ್ವರ ಬಿಡ್ತು, ಆದ್ರೆ ತಿಂಗಳುಗಟ್ಟಲೆ ಅವಳು ಎದ್ದೇಳ್ಲಿಲ್ಲ.’”

ಅವರು ತಲೆಯೆತ್ತಿ ಹೊಸ ಕಾಗದದತ್ತ ನೋಡಿದರು. ಒಂಬತ್ತರ ಎತ್ತರದ ಬೆಟ್ಟಗಳತ್ತ.

“ಎದ್ದೇಳೋದು” ಎಂದರು. “ಚಳಿಗೆ ಇಬ್ಬರೂ ಬೀಳ್ತಾರೆ ಅಂತ ಗೊತ್ತಾಯ್ತು. ವಾಪಸ್ ಬೆಚ್ಚಗೆ ಇಟ್ರೆ ಯಾರು ಏಳ್ತಾರೆ ಅಂತ ನೋಡಿದ್ಯಾ?”

“ಇಲ್ಲ. ಇನ್ನೂ ಇಲ್ಲ.”

“ಎಷ್ಟು ಸಕ್ಕರೆ ಬೇಕಾಗುತ್ತೆ?”

ಉತ್ತರ ಕೊಟ್ಟದ್ದು ಸೊಲಾಂಜ್. “ಇಪ್ಪತ್ತನಾಲ್ಕು. ಮೂರು ಸಲ ಮಾಡಿದ್ರೆ ಎಪ್ಪತ್ತೆರಡು. ಯಂತ್ರದ ಮೇಲಿಂದ ನನ್ನ ಟೋಪಿ ಮಾತ್ರ ಯಾರೂ ತೆಗೀಬಾರ್ದು.”

ಮಾರ್ಚ್ ತಿಂಗಳೆಲ್ಲ ಅದರಲ್ಲೇ ಹೋಯಿತು. ಈಗ ಚಳಿಯೂ ಅಳತೆಯದು: ಎಲ್ಲ ಪ್ಲೇಟುಗಳಿಗೂ ಒಟ್ಟಿಗೆ ಇಪ್ಪತ್ತೊಂದು ನಿಮಿಷ, ಆಮೇಲೆ ಎಲ್ಲವೂ ವಾಪಸ್ ಬೆಚ್ಚನೆಯ ಪೆಟ್ಟಿಗೆಗೆ. ಔಷಧ ಹಾಕುವುದು ಸೊಲಾಂಜ್ ಹಾಕುತ್ತಿದ್ದಂತೆ, ಪೆಟ್ಟಿಗೆಯೊಳಗೇ, ಒಂದೇ ಬಾರಿಗೆ. ಯಾವುದು ಯಾರ ಪ್ಲೇಟೆಂದು ಕೊರೀನಳಿಗೆ ತಿಳಿಯದಂತೆ ವಿಲ್ನೇರ್ ಗುರುತು ಬದಲಾಯಿಸಿ ಚೀಟಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡಿದ್ದ. ಊಟದ ಹೊತ್ತಿನಲ್ಲಿ ಅವಳ ಮುಂದೆ ಚೀಟಿಯನ್ನು ಬೇಕೆಂದೇ ಆಡಿಸಿ, ತನ್ನಮ್ಮ ಮಾಡಿದ ಖಾರದ ಮಾಂಸದ ಪಫ್ ಒಂದನ್ನು ಅವಳ ತಟ್ಟೆಗಿಟ್ಟು, “ಲಂಚ ಅಲ್ಲ, ತಿನ್ನು” ಎನ್ನುತ್ತಿದ್ದ.

ಮೂರು ಸಲವೂ ಒಂದೇ ಕಥೆ. ಚಳಿಗೆ ಮುಂಚೆ ಎಲ್ಲರ ಬೆಟ್ಟವೂ ಎತ್ತರ. ಚಳಿಯ ಬೆನ್ನಿಗೆ ಎಲ್ಲರದೂ ಕುಸಿತ. ಒಂದು ಗಂಟೆ ಬೆಚ್ಚಗಿಟ್ಟ ಮೇಲೆ ಕೆಲವು ಪ್ಲೇಟುಗಳು ಏನೂ ಆಗದವರ ಹಾಗೆ ಎದ್ದು ಕೂತವು. ಕೆಲವು ಕುಸಿದೇ ಉಳಿದವು. ಕೊನೆಯ ದಿನ ವಿಲ್ನೇರ್ ಚೀಟಿ ಬಿಡಿಸಿ ಓದಿದ. ಎದ್ದವೆಲ್ಲ ಆರೋಗ್ಯವಂತರವು. ಏಳದವು ಒಂಬತ್ತರವು. ಮಗುವಿನ ಕೋಶಗಳಲ್ಲಿ ಕೆಲಸಗಾರರು ಸರಿಯಾಗಿದ್ದರು, ಎಳೆಗಳೂ ಸರಿಯಾಗಿದ್ದವು. ಹಾಕಿಕೊಂಡ ತಡೆಯನ್ನು ತೆಗೆಯುವ ಕೀಲಿಯೊಂದೇ ಜಡ್ಡುಗಟ್ಟಿತ್ತು. ಜ್ವರವೂ ಇಂಥದೇ ಏಟು ಎನ್ನುವುದಾದರೆ, ಮಗುವನ್ನು ಕಾಯಬೇಕಾದದ್ದು ಜ್ವರದ ದಿನಗಳಲ್ಲಿ. ಉಳಿದ ದಿನ ಆ ಮಗುವನ್ನು ಓಡಲು ಬಿಟ್ಟರಾಯಿತು.

ವಿಲ್ನೇರ್ ಅವತ್ತು ತಮಾಷೆ ಮಾಡಲಿಲ್ಲ. ಚೀಟಿಯನ್ನು ಮಡಚಿ ಕೊರೀನಳ ನೋಟ್‌ಬುಕ್ಕಿನಲ್ಲಿ ಇಟ್ಟ. “ಬರ್ಕೋ ಇಲಾಖೆ” ಎಂದ. “ಇವತ್ತು ಬಿಸಿಲಿದೆ.”

ಕ್ವಿಬೆಕ್ ಸಿಟಿಯ ಸಭೆಯಲ್ಲಿ ಪ್ರೊಫೆಸರ್ ವಾಲ್ಕೂರ್ ಎದ್ದು ನಿಂತು, ತಾನು ಕಳಿಸಿದ್ದ ಚಿತ್ರ ತಪ್ಪೆಂದೂ, ಅದನ್ನು ತಪ್ಪೆಂದು ಕಂಡುಹಿಡಿದವಳೇ ಅದನ್ನು ತೆಗೆದವಳೆಂದೂ, ಇಂಥ ವಿದ್ಯಾರ್ಥಿ ತನ್ನ ಲ್ಯಾಬಿನವಳೆಂದು ಹೇಳಿಕೊಳ್ಳಲು ತನಗೆ ಹೆಮ್ಮೆಯೆಂದೂ ಹೇಳಿ ಕೂತುಬಿಟ್ಟರು. ಉಳಿದದ್ದು ಕೊರೀನಳ ಪಾಲಿಗೆ. ಪರದೆಯ ಮೇಲೆ ತೋರಿಸುವುದು ಬೇಡವೆಂದು ಅವಳು ನಿಜವಾದ ಕಾಗದವನ್ನೇ ತಂದಿದ್ದಳು, ಪೆನ್ನಿನ ಮಸಿಯದ್ದು. ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು.

ಮುಗಿದ ಮೇಲೆ ಒಬ್ಬಾಕೆ ಮುಂದೆ ಬಂದರು. ಸ್ವೆಟರು ಈ ಸಲ ಹಸಿರು, ಆದರೆ ದನಿ ಅದೇ.

“ಹೋದ ವರ್ಷ ನಾನು ಹೇಳಿದ್ದು ಇದೇ ಅಲ್ವಾ?”

“ನೀವು ಹೇಳಿದ್ದೇ, ಮದಾಮ್. ನಾವು ಒಂದು ವರ್ಷ ತಡವಾಗಿ ಬಂದ್ವಿ.”

ಆಕೆ ಬೆರಳಿನಿಂದ ಬೆಟ್ಟಗಳನ್ನು ಒಂದೊಂದಾಗಿ ಸವರಿದರು. ಎತ್ತರದವು ಯಾರವೆಂದು ಕೇಳಿದರು. ಅವೂ ರೋಗವಿರುವ ಮಗುವಿನವೇ, ಚಳಿಗೆ ಮುಂಚಿನವು ಎಂದಳು ಕೊರೀನ್. ಆಕೆ ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟಿದ್ದರು.

“ಇದನ್ನ ನಾನು ತಗೊಂಡು ಹೋಗ್ಲಾ?” ಎಂದರು. “ಪ್ರತೀ ಸಲ ಜ್ವರ ಬಂದಾಗ ಆಸ್ಪತ್ರೆ ಬಾಗಿಲಲ್ಲಿ ಹೇಳಿ ಹೇಳಿ ನನ್ನ ಬಾಯಿ ನೋಯುತ್ತೆ. ಮಗು ಆಟ ಆಡ್ತಿದೆಯಲ್ಲ ಮದಾಮ್, ಕೂತ್ಕೊಳ್ಳಿ ಅಂತಾರೆ. ಈಗ ಇದನ್ನ ತೋರಿಸ್ತೀನಿ. ನಾಳೆ ಏಳಲ್ಲ ನೋಡಿ, ಅದಕ್ಕೇ ಇವತ್ತೇ ಬಂದಿದೀನಿ ಅಂತೀನಿ.”

ನಕಲು ಕಳಿಸುತ್ತೇನೆಂದು ಹೇಳಬಹುದಿತ್ತು. ಕೊರೀನ್ ಪ್ರೊಫೆಸರರತ್ತ ನೋಡಲೂ ಇಲ್ಲ. ಕಾಗದದ ಹಿಂಬದಿಯಲ್ಲಿ ತನ್ನ ಫೋನ್ ನಂಬರು ಬರೆದು, ನಾಲ್ಕಾಗಿ ಮಡಚಿ ಕೊಟ್ಟಳು. “ಅವರು ನಂಬದಿದ್ರೆ ನನಗೆ ಫೋನ್ ಮಾಡಿ. ನಾನು ಹೇಳ್ತೀನಿ” ಎಂದಳು.

ಅಲ್ಲಿಗೇರಬೇಕಿದ್ದ ಹೊಸ ಕಾಗದ ಹೀಗೆ ಆ ತಾಯಿಯ ಕೈಸೇರಿದ್ದರಿಂದ ಬೆಟ್ಟಗಳ ಗೋಡೆಯ ಮೇಲೆ ಮೂವತ್ತೆಂಟನೆಯದರ ಜಾಗದಲ್ಲಿ ಈಗ ಕಾಗದವಿಲ್ಲ. ಟೇಪು ಕಿತ್ತ ಗುರುತುಗಳ ನಡುವೆ ಒಂದು ಚೌಕವಿದೆ. ಹೊಸಬರು ಬಂದಾಗ ಜಾಗ ಖಾಲಿಯಿದೆಯೆಂದು ಅಲ್ಲಿ ತಮ್ಮದನ್ನು ಅಂಟಿಸಲು ಹೋಗುತ್ತಾರೆ. “ಅದು ಖಾಲಿ ಅಲ್ಲ” ಎಂದು ಸೊಲಾಂಜ್ ಒಳಗಿನಿಂದಲೇ ಹೇಳುತ್ತಾರೆ. ಹತ್ತಿರ ಹೋಗಿ ನೋಡಿದರೆ ಚೌಕದ ಕೆಳಗೆ, ನೇರ ಗೋಡೆಯ ಮೇಲೆ, ತಾರೀಖಿದೆ, ಕೊರೀನ್ ಸಿಮಾರ್ ಎಂಬ ಹೆಸರಿದೆ. ಮೂಲೆಯಲ್ಲಿ ‘ಸೊ’ ಎಂದು ಬರೆದಿದೆ.